ಸಕಲೇಶಪುರದಲ್ಲಿ ಹೆದ್ದಾರಿ ಬಿಟ್ಟು ನೋಡಿ

ಸಕಲೇಶಪುರದ ಸುತ್ತ ಸೈಕಲ್ ತುಳಿಯುವವರಿಗೆ ಹೆದ್ದಾರಿಯೇ ಒಳ್ಳೆಯದು ಎಂದು ನಿಮ್ಮ ಪತ್ರಿಕೆಯ ಲೇಖನದಲ್ಲಿದೆ. ನಾನು ಒಪ್ಪುವುದಿಲ್ಲ. ಅಲ್ಲಿ ಲಾರಿಗಳೇ ಜಾಸ್ತಿ. ಕಾಫಿ ತೋಟಗಳ ನಡುವಿನ ಜಲ್ಲಿ ದಾರಿ ಹಿಡಿಯಿರಿ, ಊರೇ ಬೇರೆಯಾಗಿ ಕಾಣುತ್ತದೆ. 40 ಮಿ.ಮೀ. ಟೈರಿನ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗೆ ಹೊಂದುವ ಸೈಕಲ್) ಇದ್ದರೆ ಟೈರಿನ ಗಾಳಿ ಸ್ವಲ್ಪ ಕಮ್ಮಿ ಇಡಿ. ಕಲ್ಲಿನ ಮೇಲೆ ಹಿಡಿತ ಸಿಗುತ್ತದೆ, ಕೈಗೂ ಕುಲುಕಾಟ ಅಷ್ಟಾಗಿ ತಟ್ಟುವುದಿಲ್ಲ. ತೋಟದೊಳಗೆ ಹೋಗುವುದಾದರೆ ಮಾತ್ರ ಮಾಲೀಕರನ್ನು ಕೇಳಿಯೇ ಹೋಗಿ.

ಮಂಜರಾಬಾದ್ ಕೋಟೆಯ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಟಿಪ್ಪು ಕಾಲದ ಆ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ನೋಡಲು ಸೈಕಲ್ ಕೆಳಗೇ ಬಿಟ್ಟು ಮೆಟ್ಟಿಲು ಹತ್ತಬೇಕು.

ಆದರೆ ಬಿಸಿಲೆ ಘಾಟಿ ಕಡೆಯ ಮಾತೇ ಇಲ್ಲವಲ್ಲ! ಅದು ನನಗೆ ನಿಜಕ್ಕೂ ಬೇಸರ. ಆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ಏಣು, ಅಂದರೆ ನೀರನ್ನು ಎರಡು ಕಡೆಗೆ ಹಂಚುವ ಬೆಟ್ಟದ ನೆತ್ತಿ, ಸಿಗುತ್ತದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಯದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಏರು ಹತ್ತಿ ಸುಸ್ತಾದವರು ಸುಮ್ನೆ ಹತ್ತು ನಿಮಿಷ ಅಲ್ಲಿ ನಿಲ್ಲಬೇಕು, ಅಲ್ವಾ? ಮುಂದೆ ಬಿಸಿಲೆ ವ್ಯೂ ಪಾಯಿಂಟ್‌ನಿಂದ ಪುಷ್ಪಗಿರಿ ಸಾಲು ಕಾಣುತ್ತದೆ.

ಮಳೆಗಾಲದಲ್ಲಿ ರಕ್ತ ಹೀರುವ ಇಂಬಳಕ್ಕೆ ಉಪ್ಪು ಇಟ್ಟುಕೊಳ್ಳಿ. ಆನೆ ಓಡಾಡುವ ಜಾಗ, ಕತ್ತಲಾಗುವ ಮೊದಲೇ ಊರು ಸೇರಿ.