ಫೋನ್ ನೋಡುತ್ತಿಲ್ಲ ಎಂದು ಫೋಟೋ ಕಳಿಸಿ

ಕಾಸರಗೋಡಿನ ಕುಂಬಳೆಯ ಕಡೆ ಈಗ ಹೊಸ ಅಭಿಯಾನ. ಜನ ಮೊಬೈಲಿನಲ್ಲೇ ಮುಳುಗಿದ್ದಾರೆ, ನಿದ್ದೆಯಿಲ್ಲ, ನಡಿಗೆಯಿಲ್ಲ, ಯಾವುದರಲ್ಲೂ ಗಮನವಿಲ್ಲ. ಇದಕ್ಕೆಂತ ಮದ್ದು? ಊರಿನ ಹಿತಚಿಂತಕರು ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು.

ಮೊದಲ ನಿಯಮ, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಮಲಗುವ ಮೊದಲು ಸ್ಕ್ರೀನ್‌ಶಾಟ್ ಹಾಕಬೇಕು. ಉಳಿದವರು ಅದಕ್ಕೆ ಹೆಬ್ಬೆರಳು ಒತ್ತಬೇಕು, ಒತ್ತದಿದ್ದರೆ ಮುನಿಸು. ಹತ್ತಕ್ಕೆ ಮಲಗುತ್ತಿದ್ದವರೆಲ್ಲ ಈಗ ಹನ್ನೊಂದೂವರೆಯವರೆಗೆ ಎದ್ದಿದ್ದು ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ಮೆಚ್ಚುತ್ತಿದ್ದಾರೆ.

ಈ ಹತ್ತು ಸಾವಿರವನ್ನು ಹೇಳಿದ್ದು ಡಾಕ್ಟರಲ್ಲ ಮಾರಾಯ್ರೆ. 1964ರ ಟೋಕಿಯೊ ಒಲಿಂಪಿಕ್ಸಿನ ಬಿಸಿ ಆರುವ ಮೊದಲೇ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಲೆಕ್ಕ ಅದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೆಜ್ಜೆ ಎಣಿಸಲು ಹೇಳಲಿಲ್ಲ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಮೈ ಆಡಿಸಲಿ ಎಂದಿತು. ತೋಟದಲ್ಲಿ ಹುಲ್ಲು ಕೆತ್ತಿದರೂ ಸಾಕು, ಅಡಿಕೆ ಗೋಣಿ ಹೊತ್ತರೂ ಸಾಕು. ಆದರೆ ಗೋಣಿ ಹೊರುವವರ ಹತ್ತಿರ ಸ್ಕ್ರೀನ್‌ಶಾಟ್ ಎಲ್ಲಿಂದ ಬರಬೇಕು? ಹಾಗಾಗಿ ಅವರ ಬೆವರು ಲೆಕ್ಕಕ್ಕಿಲ್ಲ.

ಹೆಜ್ಜೆಗೆ ಬರ ಅಂತೂ ಇಲ್ಲ. 66ನೇ ರಾಷ್ಟ್ರೀಯ ಹೆದ್ದಾರಿ ಆರು ಪಥವಾದ ಮೇಲೆ ಆಚೆ ಬದಿಯ ಅಂಗಡಿಯಿಂದ ಹಾಲು ತರಬೇಕಾದರೆ ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು. ಸರ್ಕಾರಕ್ಕೆ ನಮ್ಮ ಮೈಯ ಮೇಲೆ ಅಷ್ಟು ಕಾಳಜಿ!

ಇನ್ನು ಗಮನದ ವಿಷಯ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ರಾತ್ರಿಯಿಡೀ ಕಣ್ಣು ಮುಚ್ಚದೆ ಅರ್ಥ, ಅಂದರೆ ಪಾತ್ರಗಳ ಮಾತು, ಕೇಳಿದವರ ಮೊಮ್ಮಕ್ಕಳು ನಾವು. ಮೊನ್ನೆ ತಾಳಮದ್ದಳೆಯಲ್ಲಿ (ವೇಷ ಕಟ್ಟದೆ ಕೂತು ಮಾತಾಡುವ ಯಕ್ಷಗಾನ) ನನ್ನ ಪಕ್ಕ ಕೂತವರು ಅದೇ ತಾಳಮದ್ದಳೆಯನ್ನು ಫೋನಿನಲ್ಲಿ ಲೈವ್ ನೋಡುತ್ತಿದ್ದರು. ಎದುರಿನ ಕೃಷ್ಣ ಮಾತಾಡಿದ ಅರ್ಧ ನಿಮಿಷಕ್ಕೆ ಫೋನಿನ ಕೃಷ್ಣ ಮಾತಾಡುತ್ತಿದ್ದ. ಇಲ್ಲಿ ಕೌರವ ಉತ್ತರ ಕೊಟ್ಟಾಗ ಅವರಿಗಿನ್ನೂ ಪ್ರಶ್ನೆಯೇ ತಲುಪಿರಲಿಲ್ಲ.

"ಎದುರಿಗೇ ಉಂಟಲ್ಲ, ನೋಡಬಹುದಲ್ವಾ?" ಎಂದೆ.

"ಎದುರಿಗೆ ಕಮೆಂಟ್ ಹಾಕ್ಲಿಕ್ಕೆ ಆಗುದಿಲ್ಲ" ಎಂದರು.

ಕಳೆದ ಭಾನುವಾರ ಗ್ರೂಪಿನವರು 'ಮೊಬೈಲ್ ಮುಟ್ಟದ ದಿನ' ಮಾಡಿದರು. ಹೆಸರು ಕೊಡಲು ಕ್ಯೂಆರ್ ಕೋಡ್. ಮುಟ್ಟುತ್ತಿಲ್ಲ ಎನ್ನುವುದಕ್ಕೆ ಗಂಟೆಗೊಂದು ಸೆಲ್ಫಿ, ಅದೂ ವಿಶ್ರಾಂತಿಯ ಭಂಗಿಯಲ್ಲಿ, ಕಣ್ಣು ಮುಚ್ಚಿಕೊಂಡು. (ಕಣ್ಣು ಮುಚ್ಚಿ ಸೆಲ್ಫಿ ತೆಗೆಯುವುದು ಸುಲಭವಲ್ಲ. ಹಲವರ ಫೋಟೋದಲ್ಲಿ ಬಂದದ್ದು ಮಾಡಿನ ಹಂಚು.)

ನೆರೆಮನೆಯ ಮಾವ ಮಾತ್ರ ಹೇಳಿದ್ದನ್ನು ಹಾಗೆಯೇ ನಂಬಿದರು. ಫೋನ್ ಆಫ್ ಮಾಡಿ ಕಪಾಟಿನಲ್ಲಿಟ್ಟರು. ತೋಟಕ್ಕೆ ಹೋದರು, ಕೆರೆಯಲ್ಲಿ ಮಿಂದರು, ಉಂಡು ಜಗಲಿಯಲ್ಲಿ ಗೊರಕೆ ಹೊಡೆದರು. ಸಂಜೆ ಫಲಿತಾಂಶ ಬಂತು. ವರದಿ ಕಳಿಸದ ಕಾರಣ ಮಾವ ಅನರ್ಹ. ಹದಿನಾಲ್ಕು ಸೆಲ್ಫಿ ಕಳಿಸಿದವರಿಗೆ ಪ್ರಥಮ ಬಹುಮಾನ, ನಿದ್ದೆ ಅಳೆಯುವ ವಾಚು.

ವಿಷಯ ತಿಳಿಸಲು ಮಾವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಇಂಥವರಿಂದಲೇ ಅಭಿಯಾನ ಹಾಳಾಗುವುದು ಎಂದು ಗ್ರೂಪಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಚರ್ಚೆ ನಡೆಯಿತು.