ಮನೆಯಳಿಯ ಬೇಕಾಗಿದ್ದಾನೆ

ಉದ್ಯೋಗ ಸೃಷ್ಟಿಗೆ ನಗರಾಡಳಿತಗಳು ಏನೂ ಮಾಡುವುದಿಲ್ಲ ಎಂದು ದೂರುವವರು 2017ರ ಅಮೆರಿಕವನ್ನು ನೋಡಬೇಕಿತ್ತು. ಆ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಎರಡನೆಯ ಪ್ರಧಾನ ಕಚೇರಿಗೆ ಊರು ಬೇಕಾಗಿದೆ, 50,000 ಕೆಲಸ ಕೊಡುತ್ತೇನೆ, ನೀವೇನು ಕೊಡುತ್ತೀರಿ ಎಂದು ಕೇಳಿತು. ಮನೆಯಳಿಯ ಸಿಕ್ಕಿಯೇಬಿಟ್ಟ ಎಂದುಕೊಂಡು ಉತ್ತರ ಅಮೆರಿಕದ ಊರುಗಳು ಅರ್ಜಿ ಹಿಡಿದು ಓಡಿದವು. ಒಟ್ಟು 238 ಅರ್ಜಿ.

ಭಕ್ತಿಯ ಪರಿ ನೋಡಿ. ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್, ತನ್ನ 345 ಎಕರೆಯನ್ನು ಬೇರ್ಪಡಿಸಿ ಅದಕ್ಕೆ ‘ಅಮೆಜಾನ್’ ಎಂದೇ ನಾಮಕರಣ ಮಾಡಲು ಸಿದ್ಧವಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರಿದ್ದಾರೆ. ಇವರು ಹೆಸರನ್ನೂ ಇಟ್ಟರು. ಕಾನ್ಸಾಸ್ ಸಿಟಿಯ ಮೇಯರ್ ಅದೇ ಕಂಪನಿಯ ಜಾಲತಾಣದಲ್ಲಿ ಸಾವಿರ ವಸ್ತು ಕೊಂಡು, ಒಂದೊಂದಕ್ಕೂ ಐದು ನಕ್ಷತ್ರದ ವಿಮರ್ಶೆ ಹಾಕಿಸಿದರು. (ಇಂಥ ಸಹೃದಯ ವಿಮರ್ಶಕರು ಸಾಹಿತ್ಯಲೋಕದಲ್ಲೂ ಅಪರೂಪ.) ಅರಿಜೋನಾದ ಟೂಸಾನ್‌ನವರು 21 ಅಡಿ ಎತ್ತರದ ಸಗ್ವಾರೊ ಕಳ್ಳಿಯನ್ನೇ ಲಾರಿಗೆ ಹೇರಿದರು. ಕಂಪನಿ ವಿನಯದಿಂದ, ನಾವು ಉಡುಗೊರೆ ಪಡೆಯುವುದಿಲ್ಲ ಎಂದು ಅದನ್ನು ಅಲ್ಲಿನ ಮರುಭೂಮಿ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿತು. ಎಂಥ ಶೀಲ! ಕಳ್ಳಿಯಾದರೆ ಉಡುಗೊರೆ, ತೆರಿಗೆ ವಿನಾಯಿತಿ ಉಡುಗೊರೆಯಲ್ಲ, ಅದು ಪ್ರೋತ್ಸಾಹಧನ.

ಈ ಪ್ರೋತ್ಸಾಹ ಎಷ್ಟೆಂದು ಮಾತ್ರ ತೆರಿಗೆ ಕಟ್ಟುವವರು ಕೇಳಬಾರದು. ಮೇರಿಲ್ಯಾಂಡ್‌ನ ಮಾಂಟ್‌ಗೊಮರಿ ಕೌಂಟಿಯಲ್ಲಿ ಪತ್ರಕರ್ತರು ಕೇಳಿದರು. ಸಾಲುಸಾಲಿಗೂ ಕಪ್ಪು ಬಳಿದ ಕಾಗದ ಕೈಗೆ ಬಂತು. ಪಾರದರ್ಶಕತೆಗೆ ಶಾಯಿ ತುಸು ಹೆಚ್ಚು ಖರ್ಚಾಯಿತು, ಅಷ್ಟೆ.

2018ರ ನವೆಂಬರ್‌ನಲ್ಲಿ ಫಲಿತಾಂಶ ಬಂತು. ಕಚೇರಿ ಎರಡು ಹೋಳಾಗಿ ಒಂದು ನ್ಯೂಯಾರ್ಕ್‌ಗೆ, ಇನ್ನೊಂದು ವರ್ಜೀನಿಯಾದ ಆರ್ಲಿಂಗ್ಟನ್‌ಗೆ. ನ್ಯೂಯಾರ್ಕ್ ಸುಮಾರು 300 ಕೋಟಿ ಡಾಲರ್‌ನ ರಿಯಾಯಿತಿಗೆ ಒಪ್ಪಿತ್ತು. ಒಪ್ಪಂದದಲ್ಲಿ ಹೆಲಿಪ್ಯಾಡಿಗೂ ಜಾಗವಿತ್ತು. ಸುರಂಗ ರೈಲಿನ ಸ್ಥಿತಿ ಬಲ್ಲವರು ಕಂಪನಿಯ ದೊಡ್ಡವರಿಗೆ ಬೇರೆ ದಾರಿಯೇನಿತ್ತು ಎಂದಾರು. ಸ್ಥಳದ ಹತ್ತಿರವೇ ಕ್ವೀನ್ಸ್‌ಬ್ರಿಜ್, ದೇಶದ ಅತಿ ದೊಡ್ಡ ಸರ್ಕಾರಿ ವಸತಿ ಸಂಕೀರ್ಣ. ಅಲ್ಲಿನ ಬಡ ನಿವಾಸಿಗಳಿಗೂ ಪಾಲಿರಲಿ ಎಂದು ಕಂಪನಿ ಮನಸ್ಸು ದೊಡ್ಡದು ಮಾಡಿ ಗ್ರಾಹಕ ಸೇವೆಯ ಕೆಲಸಗಳನ್ನು ಘೋಷಿಸಿತು. ನ್ಯೂಯಾರ್ಕ್‌ಗೆಂದು ಹೇಳಿದ್ದ 25,000 ಕೆಲಸದಲ್ಲಿ ಅವರ ಪಾಲು ಮೂವತ್ತು. ಮೂವತ್ತು ಸಾವಿರವಲ್ಲ, ಬರೀ ಮೂವತ್ತು.

ಜನ ಕೂಗಾಡಿದರು, ಕೆಲವು ಜನಪ್ರತಿನಿಧಿಗಳು ಲೆಕ್ಕ ಕೇಳಿದರು. ಕಂಪನಿ ಮುನಿಸಿಕೊಂಡು 2019ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ನ್ಯೂಯಾರ್ಕ್‌ನ ಸಂಬಂಧ ಕಡಿದುಕೊಂಡಿತು. ಆರ್ಲಿಂಗ್ಟನ್‌ನಲ್ಲಿ ಮೊದಲ ಹಂತದ ಕಟ್ಟಡಗಳು 2023ರಲ್ಲಿ ತೆರೆದವು. ಎರಡನೆಯ ಹಂತದ ಕೆಲಸವನ್ನು ಅದೇ ವರ್ಷ ಮುಂದೂಡಿದರು.

ಸೋತ ಊರುಗಳು ತಮ್ಮ ಭೂಮಿ, ಸಾರಿಗೆ, ಕಾಲೇಜುಗಳ ವಿವರವನ್ನೆಲ್ಲ ಬಿಟ್ಟಿಯಾಗಿ ಬರೆದುಕೊಟ್ಟು ಮನೆಗೆ ಮರಳಿದವು. ಆದರೂ ಅವುಗಳ ಶ್ರಮ ವ್ಯರ್ಥವಾಯಿತು ಎನ್ನುವಂತಿಲ್ಲ. ಅರ್ಜಿ ಬರೆಯಲು ಸಂಬಳ ಕೊಟ್ಟು ಸಲಹೆಗಾರರನ್ನು ಇಟ್ಟುಕೊಂಡ ಊರುಗಳೂ ಇದ್ದವು. ಅಷ್ಟರಮಟ್ಟಿಗೆ ಅಲ್ಲಿ ಉದ್ಯೋಗ ಸೃಷ್ಟಿ ಆಗಿಯೇ ಇದೆ.