ಭಾವನ ಮಾತ್ರೆ, ಅತ್ತೆಯ ಮಾತ್ರೆ

ಈ ಸಲ ರಜೆಗೆ ಊರಿಗೆ ಹೋದಾಗ ಉಡುಪಿಯ ಕಡಿಯಾಳಿಯಲ್ಲಿ ಸೋದರತ್ತೆಯ ಮನೆಯಲ್ಲಿ ನಾಲ್ಕು ದಿನ ಇದ್ದೆ. ಮಧ್ಯಾಹ್ನ ಊಟ ಮುಗಿಸಿ ಎದ್ದ ಭಾವ, ಅಂದರೆ ಅತ್ತೆಯ ಮಗ, ಕಪಾಟಿನಿಂದ ಒಂದು ಸ್ಟ್ರಿಪ್ ತೆಗೆದು ಸಣ್ಣ ಮಾತ್ರೆ ಬಾಯಿಗೆ ಹಾಕಿಕೊಂಡರು. ಇಕೋಸ್ಪ್ರಿನ್ 75. ಅಂದರೆ 75 ಮಿಲಿಗ್ರಾಂ ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ.

"ಎಂತ ಭಾವ, ಹಾರ್ಟಿಗೆ ಏನಾದ್ರೂ ಆಗಿತ್ತಾ?"

"ಎಂತದೂ ಇಲ್ಲ ಮಾರಾಯ. ಹಾಸನದ್ದು ಟಿವಿಯಲ್ಲಿ ಬರ್ತಿತ್ತಲ್ಲ, ಆಗಿನಿಂದ ಸೇಫ್ಟಿಗೆ ಅಂತ ತಗೊಳ್ತಿದ್ದೇನೆ."

2025ರ ಜೂನ್, ಜುಲೈಯಲ್ಲಿ ಹಾಸನದ ಹೃದಯಾಘಾತದ ಸುದ್ದಿ ಕೇಳಿ ಹೆದರದವರು ಯಾರು? ಭಾವನಿಗೆ ಈಗ 54. ದಿನಾ ಮಲ್ಪೆ ಬೀಚಿನಲ್ಲಿ ವಾಕಿಂಗ್. ಮಾತ್ರೆ ಬರೆದುಕೊಟ್ಟಿದ್ದು ಡಾಕ್ಟರಲ್ಲ, ವಾಕಿಂಗ್ ಗೆಳೆಯರು.

ನಗು ಬಂತು. ಯಾಕೆಂದರೆ ನಾನಿರುವ ಅಮೆರಿಕದ ಮಿನೆಸೋಟಾದಲ್ಲಿ ಇದೇ ಮಾತ್ರೆ ಮನೆಮನೆಯಲ್ಲಿ ಉಂಟು. ಅಲ್ಲಿ 81 ಮಿಲಿಗ್ರಾಂ, ಸೂಪರ್ ಮಾರ್ಕೆಟಿನಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ, ಚೀಟಿ ಬೇಡ. ಪಕ್ಕದ ಮನೆಯ ಅಜ್ಜ ಕಾಫಿಯ ಜೊತೆ ನುಂಗುತ್ತಿದ್ದ. 2017ರ ಸಮೀಕ್ಷೆಯ ಲೆಕ್ಕದಲ್ಲಿ, ಹೃದಯದ ಕಾಯಿಲೆ ಇಲ್ಲದಿದ್ದರೂ ದಿನಾ ಆಸ್ಪಿರಿನ್ ತೆಗೆದುಕೊಳ್ಳುವ 40 ದಾಟಿದ ಅಮೆರಿಕನ್ನರು ಸುಮಾರು 2.9 ಕೋಟಿ. ಅದರಲ್ಲಿ 66 ಲಕ್ಷ ಜನ ಡಾಕ್ಟರ್ ಹೇಳದೇ ತೆಗೆದುಕೊಳ್ಳುತ್ತಿದ್ದರು. ಅಲ್ಲೂ ಭಾವಂದಿರು ಕಡಿಮೆ ಇಲ್ಲ.

ಆದರೆ ಅಲ್ಲಿ ಈ ಅಭ್ಯಾಸಕ್ಕೆ ಒಂದು ಚರಿತ್ರೆ ಇದೆ. 1989ರಲ್ಲಿ 22,071 ಡಾಕ್ಟರುಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ದಿನ ಬಿಟ್ಟು ದಿನ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ ಶೇ. 44ರಷ್ಟು ಕಡಿಮೆ! ಆ ಡಾಕ್ಟರುಗಳೆಲ್ಲ ಗಂಡಸರೇ. ಹೆಂಗಸರ ಉತ್ತರ ಬರುವಾಗ 2005 ಆಗಿತ್ತು. 39,876 ಮಹಿಳೆಯರು, ಹತ್ತು ವರ್ಷ. ಒಟ್ಟಾರೆ ಹೃದಯಾಘಾತ ತಗ್ಗಲೇ ಇಲ್ಲ, ಸ್ಟ್ರೋಕ್ ಮಾತ್ರ ಶೇ. 17 ತಗ್ಗಿತು. ಹಾಗಾಗಿ 2009ರಲ್ಲಿ ಅಲ್ಲಿನ ತಜ್ಞರ ಸಮಿತಿ ಗಂಡಸರಿಗೆ 45ರಿಂದ ಹೃದಯಕ್ಕಾಗಿ, ಹೆಂಗಸರಿಗೆ 55ರಿಂದ ಸ್ಟ್ರೋಕಿಗಾಗಿ ಅಂತ ಬೇರೆ ಬೇರೆ ಗೆರೆ ಎಳೆಯಿತು. 2018ರಲ್ಲಿ ಎಲ್ಲ ತಲೆಕೆಳಗಾಯಿತು. 19,114 ಹಿರಿಯರ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ ಜಾಸ್ತಿ. 2022ರಿಂದ ಅದೇ ಸಮಿತಿ ಹೇಳುವುದು: ಕಾಯಿಲೆ ಇಲ್ಲದವರು 60 ದಾಟಿದ ಮೇಲೆ ಹೊಸದಾಗಿ ಶುರು ಮಾಡಬೇಡಿ. 40ರಿಂದ 59ರವರು ಅಪಾಯದ ಲೆಕ್ಕ ಹಾಕಿ ಡಾಕ್ಟರ ಜೊತೆ ಮಾತಾಡಿ.

ಆ ಲೆಕ್ಕದ ಕಥೆ ಕೇಳಿ. ಅಲ್ಲಿನ 2013ರ ಕ್ಯಾಲ್ಕ್ಯುಲೇಟರಿನಲ್ಲಿ ಬಿಳಿಯರು, ಕರಿಯರು, ಇತರರು ಅಂತ ಮೂರೇ ಆಯ್ಕೆ ಇತ್ತು. ಉಡುಪಿಯವನು 'ಇತರರು'. 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಉಳಿದವರದ್ದು ಸುಮಾರು 59. ಹಾಗಾಗಿ ಭಾವನ ಹೆದರಿಕೆ ಸುಳ್ಳಲ್ಲ. ಹೆದರಿಕೆಗೆ ಮದ್ದು ಇದೇ ಮಾತ್ರೆಯಾ ಅನ್ನುವುದು ಬೇರೆ ಪ್ರಶ್ನೆ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸದೆ ಸುಮ್ನೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಮಾತ್ರ ಗ್ಯಾರಂಟಿಯಾಗಿ ಏರುತ್ತದೆ. ನಾನು ಡಾಕ್ಟರಲ್ಲ, ಕಂಪ್ಯೂಟರ್ ಕೆಲಸದವನು. ಇಷ್ಟು ಓದಿ ತಿಳಿದದ್ದು.

ನಿಜವಾದ ಸಂಗತಿ ಗೊತ್ತಾದದ್ದು ಎರಡನೇ ದಿನ, ಅಡುಗೆಮನೆಯಲ್ಲಿ. ಅತ್ತೆಗೆ ಐದು ವರ್ಷದ ಹಿಂದೆ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿದ್ದಾರೆ. ಇವತ್ತಿಗೂ ಆಸ್ಪಿರಿನ್ ಬಿಡಬಾರದವರು ಯಾರಾದರೂ ಆ ಮನೆಯಲ್ಲಿದ್ದರೆ ಅದು ಅತ್ತೆ. ಅವರ ಮಾತ್ರೆ ಡಬ್ಬಿ ಸಾಸಿವೆ ಡಬ್ಬಿಯ ಹಿಂದೆ, ತುಂಬಿಯೇ ಇತ್ತು.

"ಹೊಟ್ಟೆ ಉರಿ ಮಾರಾಯ. ಎಲ್ಲರದ್ದೂ ಆಗಿ ನನ್ನ ಊಟ ಆಗುವಾಗ ಮೂರು ಗಂಟೆ. ಮಾತ್ರೆ ಒಂದು ಗಂಟೆಗೆ ತಗೊಳ್ಳಿಕ್ಕೆ ಹೇಳಿದ್ದಾರೆ. ಖಾಲಿ ಹೊಟ್ಟೆಗೆ ಎಂತ ಮಾಡುವುದು? ಬಿಟ್ಟೆ. ಅವನಿಗೆ ಹೇಳಬೇಡ."

ಇದು ಒಬ್ಬ ಅತ್ತೆಯ ಕಥೆ ಅಲ್ಲ. 2023ರಲ್ಲಿ 51 ದೇಶಗಳ ಲೆಕ್ಕ ಪ್ರಕಟವಾಯಿತು. ಹೃದಯದ ಕಾಯಿಲೆ ಆಗಿಹೋದವರಲ್ಲಿ ಆಸ್ಪಿರಿನ್ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲಿ ಶೇ. 65. ಭಾರತ ಸೇರುವ ಕೆಳ ಮಧ್ಯಮ ಆದಾಯದ ಸಾಲಿನಲ್ಲಿ ಶೇ. 24.5. ಇಷ್ಟು ಅಗ್ಗದ ಮಾತ್ರೆ! ದುಡ್ಡಿನ ತಾಪತ್ರಯ ಅಂತ ಹೇಳುವ ಹಾಗೂ ಇಲ್ಲ, ಕಡಿಯಾಳಿಯ ಆ ಮನೆಯಲ್ಲಂತೂ.

ನಮ್ಮ ಕರಾವಳಿಯಲ್ಲಿ ಎದೆನೋವು ಬಂದ ಮೊದಲ ಗಂಟೆಯ ಬಗ್ಗೆ ಒಳ್ಳೆಯ ಕೆಲಸ ಆಗಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ಅಲ್ಲಿನ ಡಾಕ್ಟರುಗಳನ್ನು ವಾಟ್ಸಾಪಿನಲ್ಲಿ ಜೋಡಿಸಿದ್ದು ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿದ್ದವನಿಗೂ ಅಸೂಯೆ ಆಗುವಂಥದ್ದು. ಆದರೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಹೆಂಗಸಿಗೆ ಮಾತ್ರೆ ತಗೊಂಡ್ರಾ ಅಂತ ಕೇಳುವವರು ಯಾರು? ಮಿನೆಸೋಟಾದಲ್ಲಿ ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗೂ ಫಾರ್ಮಸಿಯಿಂದ ಫೋನ್ ಬರುತ್ತದೆ, ನಿಮ್ಮ ಮಾತ್ರೆ ಮುಗಿದಿರಬೇಕಲ್ಲ ಅಂತ. ಯಂತ್ರದ ದನಿ, ಪ್ರೀತಿ ಏನೂ ಇಲ್ಲ. ಆದರೂ ಕೇಳುತ್ತದೆ. ನಮ್ಮಲ್ಲಿ ಮನೆ ತುಂಬ ಜನ ಉಂಟು, ಭಾವನ ಮಾತ್ರೆ ಮುಗಿದದ್ದು ಎಲ್ಲರಿಗೂ ನೆನಪಿರುತ್ತದೆ.

ಹೊರಡುವ ಮೊದಲು ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅತ್ತೆಗೆ ಹೊಟ್ಟೆಗೊಂದು ಮಾತ್ರೆ ಬರೆದು, ಇಕೋಸ್ಪ್ರಿನ್ ರಾತ್ರಿ ಊಟದ ಮೇಲೆ ಅಂತ ಬದಲಾಯಿಸಿದರು. ಭಾವನಿಗೆ ರಕ್ತಪರೀಕ್ಷೆ ಮಾಡಿಸಲು ಹೇಳಿ, ಇದು ಈಗ ಬೇಡ ಅಂದರು. ಮನೆಗೆ ಬಂದವರೇ ಭಾವ ಕಪಾಟು ತೆರೆದು ತಮ್ಮ ಉಳಿದ ಸ್ಟ್ರಿಪ್‌ಗಳನ್ನು ಅಮ್ಮನ ಡಬ್ಬಿಗೆ ತುಂಬಿಸಿದರು.

"ಹೇಗೂ ಅದೇ 75 ಅಲ್ವಾ? ದುಡ್ಡು ಕೊಟ್ಟದ್ದು, ಹಾಳು ಯಾಕೆ ಮಾಡುವುದು?"